ಹಸಿರು ಹಲಗೆಯ ಮುಂದಿನ ಹೆಣ್ಣುಮಗಳು

"ಫೋನ್ ಚಾರ್ಜಿಗೆ ಹಚ್ರಿ. ಅಜ್ಜಾರಿಗೆ ಚಿತ್ರ ಕಳಸೂದೈತಿ."

ನನ್ನ ಹೆಂಡತಿ ಫಕೀರವ್ವ ನನಗೆ ಆಡಿದ ಕಡೆಯ ಮಾತು ಇದು. ಚಾರ್ಜಿಗೆ ಹಚ್ಚಿ ತಿರುಗಿದೆ. ಗೋಡೆಗೆ ಒರಗಿ ಕೂತಿದ್ದಳು. ಉಸಿರಿರಲಿಲ್ಲ.

ಇಷ್ಟು ವರ್ಷ ನನ್ನ ಜೊತೆ ಬಾಳಿದಳು. ಹೋಗುವಾಗ ನೆನೆದದ್ದು ಅಜ್ಜಾರನ್ನು.

ಅಜ್ಜಾರು ಅಂದರೆ ಹೊಳೆಯ ಆಚೆ ದಂಡೆಯ ಆಶ್ರಮದ ನಿಂಗಜ್ಜಾರು. ತತ್ವಪದ ಹೇಳಿಕೊಡುತ್ತಾರೆ. ಸೋಮವಾರ ಸೋಮವಾರ ಫಕೀರವ್ವ ಹೋಗಿ ಕಲಿತು ಬರುತ್ತಿದ್ದಳು. ನಾನು ಒಂದು ದಿನವೂ ಹೋಗಲಿಲ್ಲ. ಅವಳು ಬಂದು ಅಜ್ಜಾರು ಹಿಂಗಂದರು, ಹಂಗಂದರು ಅಂತ ಸುರು ಮಾಡಿದರೆ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವಳ ದಿನಕರ್ಮ ಮುಗಿದ ಮೇಲೆ ಫೋನ್ ತೆಗೆದು ನೋಡಿದೆ. ಅಜ್ಜಾರಿಗೆ ಅವಳು ಕಳಿಸಿದ್ದೆಲ್ಲ ಒಂದೇ ಚಿತ್ರ, ಫೋನಿನೊಳಗೇ ಸಿಗುವ ಉಗುರಿನಷ್ಟು ಚಿತ್ರ. ಹಸಿರು ಕಿಟಕಿಯ ಮುಂದೆ ಕೈ ಎತ್ತಿ ನಿಂತ ಹೆಣ್ಣುಮಗಳು. ಮೇಲೆ ಸರಿಸಿದೆ, ಅದೇ. ಇನ್ನೂ ಮೇಲೆ, ಅದೇ. ಮಾತಿಲ್ಲ, ಅಕ್ಷರವಿಲ್ಲ.

ನಮ್ಮ ಮನೆಯ ಕಿಟಕಿಗೂ ಹಸಿರು ಬಣ್ಣ.

ಫೋನ್ ಕಿಸೆಯಲ್ಲಿ ಹಾಕಿಕೊಂಡು ಹೊಳೆ ದಾಟಿದೆ.

ಆಶ್ರಮದಲ್ಲಿ ಅಡುಗೆ ಮಾಡುವ ದ್ಯಾಮವ್ವ ಬಾಗಿಲಲ್ಲಿ ಸಿಕ್ಕಳು. ಏನು ಬಂದಿ ಅಂತ ಕೇಳಿದಳು. ಚಿತ್ರ ತೋರಿಸಿದೆ. ಈ ಹೆಂಗಸು ಕಿಟಕಿಯಲ್ಲಿ ನಿಂತು ಯಾರನ್ನು ಕರೆಯುತ್ತಾಳೆ ಅಂದೆ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಕಿಟಕಿ ಎಲ್ಲೈತೋ ಯಣ್ಣಾ? ಇದು ಸಾಲಿ ಹಲಗಿ. ಈಕಿ ಟೀಚರಮ್ಮ. ಒಂದ್ ದಿನರೆ ಸಾಲಿಗೆ ಹೋಗಿದ್ರ ಗೊತ್ತಾಗ್ತಿತ್ತು ನಿನಗ."

ಅವಳ ಮೊಮ್ಮಗಳು ಶಿಕ್ಷಕರ ದಿನಕ್ಕೆ ತನ್ನ ಟೀಚರಿಗೆ ಇದನ್ನೇ ಕಳಿಸುತ್ತಾಳಂತೆ. ಗುರುಪೂರ್ಣಿಮೆ ಬಂದರೆ ಅಜ್ಜಾರ ಫೋನ್ ತುಂಬ ಇಂಥ ಗುರುಗಳ ಚಿತ್ರವೇ ಅಂತೆ. ಮುಂದೊಂದು ಹೂವು, ಹಿಂದೊಂದು ಮುಗಿದ ಕೈ.

ನಾಚಿಕೆಯಾಯಿತು. ಹೊಟ್ಟೆಯ ಉರಿ ಮಾತ್ರ ಇಳಿಯಲಿಲ್ಲ. ಹಾಗಾದರೆ ಗುರು, ಗುರು, ಗುರು ಅಂತ ವಾರವಾರ ಕಳಿಸಿದ್ದಾಳೆ.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಏಕತಾರಿಗೆ ತಂತಿ ಬಿಗಿಯುತ್ತಿದ್ದರು. ಫೋನನ್ನು ಅವರ ಮುಂದಿಟ್ಟೆ. ಒಳಗಿದ್ದದ್ದನ್ನೆಲ್ಲ ಹೇಳಿದೆ. ನಿಮಗೆ ಇಷ್ಟು ಕಳಿಸಿದ್ದಾಳೆ, ನನಗೆ ಒಂದು ಹೂವಿನ ಚಿತ್ರವನ್ನೂ ಕಳಿಸಲಿಲ್ಲ ಅಂದೆ.

ನಿನ್ನ ಫೋನ್ ಯಾವುದು ಅಂತ ಕೇಳಿದರು.

ಮನೆಗೆಲ್ಲ ಇದೊಂದೇ ಅಂದೆ.

ಅಜ್ಜಾರು ನಗಲಿಲ್ಲ. ಚಿತ್ರವನ್ನು ಹತ್ತಿರ ಹಿಡಿದು ನೋಡಿದರು.

"ಇದು ನಾನಲ್ಲ, ಭರಮಪ್ಪ. ನನಗ ಕಳಸೋರು ಗಂಡಸಿನ ಚಿತ್ರ ಕಳಸ್ತಾರ. ಇದು ಹೆಣ್ಣು. ಆಕಿ ತನ್ನ ಚಿತ್ರ ತಾನ ಕಳಿಸ್ಯಾಳ."

ಆ ಆಶ್ರಮದಲ್ಲಿ ಒಂದು ಪದ್ಧತಿಯಂತೆ. ಕಲಿತ ಪದವನ್ನು ಇನ್ನೊಬ್ಬರ ಬಾಯಿಗೆ ಹಾಕಬೇಕು. ಅಲ್ಲಿಯವರೆಗೆ ಹೊಸ ಪದ ಕೇಳುವಂತಿಲ್ಲ. ಹತ್ತಿರದವರು ಬಂದು ಹೇಳುತ್ತಾರೆ, ಹಾಕಿದೆ ಅಂತ. ಫಕೀರವ್ವ ನಮ್ಮ ದಂಡೆಯವಳು, ದಿನಾ ಹೊಳೆ ದಾಟಿ ಬರಲಾಗದು. ಅದಕ್ಕೆ ಅವಳು ಈ ಚಿತ್ರ ಕಳಿಸುತ್ತಿದ್ದಳು. ಹೇಳಿಕೊಟ್ಟೆ, ಅವರಿಗೆ ಬಂತು ಅಂತ ಅದರ ಅರ್ಥ.

ಯಾರಿಗೆ ಹೇಳಿಕೊಟ್ಟಳು ಅಂತ ಕೇಳಿದೆ. ಆರುತ್ತಿದ್ದ ಉರಿ ಮತ್ತೆ ಎದ್ದಿತು. ಇವರಲ್ಲದೆ ಇನ್ನೊಬ್ಬನೂ ಇದ್ದಾನೆ.

ಅಜ್ಜಾರು ಏಕತಾರಿ ಮೀಟಿ ಒಂದು ಸಾಲು ಹಾಡಿ ನಿಲ್ಲಿಸಿದರು.

ಮುಂದಿನ ಸಾಲು ನನ್ನ ಬಾಯಿಂದ ಬಂತು.

ಇನ್ನೊಂದು ಪದ ಎತ್ತಿದರು. ಅದೂ ಬಂತು.

ನಾನು ಯಾವತ್ತೂ ಕಲಿತವನಲ್ಲ. ಬೆಳಗ್ಗೆ ಒಲೆಯ ಮುಂದೆ ಚಹಾಕ್ಕೆ ಕಾಯುತ್ತ ಕೂರುತ್ತಿದ್ದೆ. ಅವಳು ಹಾಡಿದ್ದನ್ನೇ ಹಾಡುತ್ತಿದ್ದಳು. ಬೇರೆ ಪದ ಇಲ್ಲೇನು ನಿನಗೆ ಅಂತ ರೇಗುತ್ತಿದ್ದೆ. ಅಷ್ಟೇ.

ಕಡೆಯ ಪದದ ಚಿತ್ರ ತನಗೆ ಬರಲಿಲ್ಲ ಅಂದರು ಅಜ್ಜಾರು. ಅದನ್ನು ಎತ್ತಿದರು.

"ಕೆಂಡಕ ಬೆಳಕ ಕೊಟ್ಟವರಾರ ತಂಗಿ..."

ನಾನು ಹಾಡಿದೆ.

"ಕಟಗಿ ತಂದಾತನ ಮರೀಬ್ಯಾಡ ತಂಗಿ."

ಅಜ್ಜಾರ ಬೆರಳು ನಿಂತಿತು.

ಅವರು ಹೇಳಿಕೊಟ್ಟದ್ದು ಬೇರೆಯಂತೆ. 'ಊದಿದಾತ ಗುರುವು ತಂಗಿ' ಅಂತ ಇತ್ತಂತೆ. ಅದನ್ನು ತೆಗೆದು ಇದನ್ನು ಇಟ್ಟವಳು ಫಕೀರವ್ವ.

ನಮ್ಮ ಮನೆಗೆ ಕಟ್ಟಿಗೆ ತರುತ್ತಿದ್ದವನು ನಾನು.

"ನನ್ನದಕಿಂತ ಇದು ಚಲೋ ಐತಿ," ಅಂದರು ಅಜ್ಜಾರು. "ಇದನ್ನ ನನಗ ಹೇಳಿಕೊಡು."

ಒಲ್ಲೆ ಅಂದೆ. ಈಗ ಕೇಳಿದಿರಲ್ಲ, ಸಾಕು ಅಂದೆ.

"ಕೇಳಿದ್ದು ಕಲಿತಂಗಲ್ಲ."

"ಉಳಿದದ್ದೆಲ್ಲ ನಿಮ್ಮದು, ಅಜ್ಜಾರ. ಇದೊಂದು ನನ್ನದು. ಇದನ್ನೂ ಬೇಡಬ್ಯಾಡ್ರಿ."

"ಆತು. ಇಟಗೋ."

ಹೊತ್ತು ಮುಳುಗಿತ್ತು. ದ್ಯಾಮವ್ವ ಕಟ್ಟೆಯ ಮೇಲೆ ಚಾಪೆ ಹಾಸಿಕೊಟ್ಟಳು. ಮಲಗಿ ಆ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಅಜ್ಜಾರ ಹತ್ತಿರ ಇಲ್ಲದ್ದು ನನ್ನ ಹತ್ತಿರ ಇದೆ ಅಂತ ಖುಷಿಯಾಯಿತು. ಮತ್ತೆ ಹೇಳಿಕೊಂಡೆ. ಹೇಳಿಕೊಂಡಷ್ಟೂ ನನ್ನ ದನಿಯೇ ಕೇಳಿತು. ಅವಳದು ಬರಲಿಲ್ಲ. ಬಾಯಿ ಬಿಟ್ಟು ಹಾಡೋಣವೆಂದರೆ ಕೇಳುವವರಿಲ್ಲ.

ಬೆಳಗಾಯಿತು. ಎದ್ದು ಮೆಟ್ಟಿಲಿಗೆ ಹೋದೆ. ಅಜ್ಜಾರು ಮಿಂದು ಕೂತಿದ್ದರು. ಹೇಳಿಕೊಡತೀನಿ ಅಂದೆ. ಅವರು ಎದ್ದು ಒಂದು ಮೆಟ್ಟಿಲು ಕೆಳಗೆ ಇಳಿದು ಕೂತರು.

ನಾನು ಹಾಡಿದೆ. ಅವರು ಹಾಡಿದರು. 'ತಂದಾತನ' ಅನ್ನುವಲ್ಲಿ ದನಿ ಏರಿಸಿ ಉದ್ದಕ್ಕೆ ಎಳೆದರು. ಚೆಂದವಿತ್ತು. ನನಗೆ ಸಂಕಟವಾಯಿತು.

"ಅಲ್ಲಿ ಎಳೀಬ್ಯಾಡ್ರಿ ಅಜ್ಜಾರ. ಆಕಿ ಅಲ್ಲಿ ನಿಲ್ಲಸ್ತಿದ್ಲು. ನನ್ನ ಬಟ್ಟಲಕ್ಕ ಚಾ ಸೋಸಿ, ಆಮ್ಯಾಲ ಮುಂದಿಂದು ಹಾಡ್ತಿದ್ಲು."

ಅಜ್ಜಾರು ತಂತಿಯ ಮೇಲೆ ಅಂಗೈ ಇಟ್ಟು ಸುಮ್ಮನಾಗಿಸಿದರು.

"ಹಂಗಾದ್ರ ನೀ ಮುಂದ ಹಾಡು," ಅಂದರು. "ನಾ ಹಿಂದ ಬರ್ತೀನಿ."