ಮುಚ್ಚಳ ಬಿಗಿಹಿಡಿದ ಶಾಯಿ ಪ್ಯಾಡು

ಪಂಚಾಯಿತಿ ಮೇಜಿನ ಮೇಲಿದ್ದ ಶಾಯಿ ಪ್ಯಾಡಿಗೆ ಸದಸ್ಯೆ ದ್ಯಾಮವ್ವನ ಹೆಬ್ಬೆರಳೆಂದರೆ ಬಹಳ ಅಕ್ಕರೆ. ಅಂದು ಗ್ರಂಥಾಲಯದಲ್ಲಿ ನಡೆಯುವ ದೊಡ್ಡವರ ಅಕ್ಷರ ತರಗತಿಗೆ ಅನುದಾನ ನಿಲ್ಲಿಸುವ ಠರಾವು ಬಂದಿತ್ತು. ಆರು ತಿಂಗಳಿಂದ ಅದೇ ತರಗತಿಗೆ ಹೋಗುತ್ತಿದ್ದರೂ ದ್ಯಾಮವ್ವ ಹಳೆಯ ರೂಢಿಯಂತೆ ಕಾಗದ ನೋಡದೆ ಹೆಬ್ಬೆರಳು ಚಾಚಿದಳು. ಪ್ಯಾಡು ತನ್ನ ಮುಚ್ಚಳ ಬಿಗಿಹಿಡಿಯಿತು.

“ತೆರೆದುಕೊ. ತರಗತಿ ನಿಂತರೆ ನಿನಗೇ ಒಳ್ಳೆಯದು,” ಎಂದಿತು ಪಕ್ಕದ ಮೊಹರು.

“ಅವಳಿಗಲ್ಲವಲ್ಲ,” ಎಂದಿತು ಪ್ಯಾಡು.

ಎಷ್ಟು ಎಳೆದರೂ ಮುಚ್ಚಳ ಬರಲಿಲ್ಲ. ದ್ಯಾಮವ್ವ ಪೆನ್ನು ತೆಗೆದುಕೊಂಡು, ಸಹಿಯ ಜಾಗ ಹುಡುಕುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಇದು ನಮ್ಮ ಸಾಲಿ ಮುಚ್ಚೋ ಕಾಗದ ಐತಿ. ನಾ ಒಪ್ಪಂಗಿಲ್ಲ,” ಎಂದು ಪೆನ್ನು ಕೆಳಗಿಟ್ಟಳು.

“ಇನ್ನು ನೀನು ಒಣಗಿಹೋಗುತ್ತೀಯ,” ಎಂದಿತು ಮೊಹರು.

“ಒಣಗುತ್ತೇನೆ,” ಎಂದಿತು ಪ್ಯಾಡು. “ಇಷ್ಟು ವರ್ಷ ಆ ಬೆರಳಿಗೆ ಮಸಿ ಹಚ್ಚಿದ್ದು ಸಾಕು.”