ಅಕ್ಕನ ಮನೆ ಮುಟ್ಟಿದ ಅಂಟಿನುಂಡೆ

ಕಲ್ಲವ್ವನಿಗೆ ದೇವರು ಒಬ್ಬ ಮಗನನ್ನು ಕೊಟ್ಟ, ಬುದ್ಧಿಯನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡ. ಮಗನ ಹೆಸರು ಅಡಿವೆಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅದೇ ಕಲ್ಲವ್ವನ ಗೋಳು.

ಮಗಳು ಶಾಂತವ್ವ ಗಂಡನ ಮನೆಯಲ್ಲೇ ಹೆತ್ತಿದ್ದಳು. ತವರಿನಿಂದ ಬಾಣಂತಿಯ ಅಂಟಿನುಂಡೆ ಬರಲಿಲ್ಲವೆಂದು ಅತ್ತೆ ದಿನವೂ ಚುಚ್ಚುತ್ತಿದ್ದಳು. ಕಲ್ಲವ್ವನಿಗೆ ಕಾಲುನೋವು, ಬಸ್ಸು ಹತ್ತಲಾರಳು. ಕೊಬ್ಬರಿ, ಅಂಟು, ಬೆಲ್ಲ, ತುಪ್ಪ ಹಾಕಿ ಉಂಡೆ ಕಟ್ಟಿ ಮಗನ ಕೈಗೆ ಗಂಟು ಕೊಟ್ಟಳು. ಚುನಾವಣೆಯ ಕಾಲ. ಬಸ್ಸಿನ ತುಂಬ ಕೊಡದ ಗುರುತಿನ ಪಕ್ಷದವರು, ಏಣಿ ಗುರುತಿನ ಪಕ್ಷದವರು.

"ಯಾರ ಜೋಡಿನೂ ವಾದ ಬ್ಯಾಡ. ಯಾರು ಏನಂದ್ರೂ ಹೌದು ಅನ್ನು," ಎಂದಳು.

ಬಸ್ಸಿನಲ್ಲಿ ಕೊಡದವನೊಬ್ಬ ಈ ಸಲ ನಾವೇ ಗೆಲ್ಲುವುದು ಎಂದ. ಹೌದು ಎಂದ ಅಡಿವೆಪ್ಪ. ಏಣಿಯವನು ಇಲ್ಲ, ನಾವೇ ಎಂದ. ಅದಕ್ಕೂ ಹೌದು. ನೀವು ಕಳ್ಳರು ಎಂದ ಕೊಡದವನು. ಹೌದು. ನೀವು ಕಳ್ಳರ ಅಪ್ಪಂದಿರು ಎಂದ ಏಣಿಯವನು. ಅದಕ್ಕೂ ಹೌದು. ಆಗ ಇಬ್ಬರೂ ಒಂದಾಗಿ ಅಡಿವೆಪ್ಪನನ್ನು ಗಂಟಿನ ಸಮೇತ ನಡುದಾರಿಯಲ್ಲಿ ಇಳಿಸಿದರು.

ನಡೆದು ಬಂದ ಮಗನನ್ನು ಕಂಡು ಕಲ್ಲವ್ವ ಹಣೆ ಚಚ್ಚಿಕೊಂಡಳು. ಪಕ್ಷದ ಮಾತಿಗೆ ಬಾಯಿ ಹಾಕಿದ್ದೇ ತಪ್ಪು ಎಂದು ಬೈದಳು.

"ಎಲ್ಲಾರಿಗೂ ಇರೂದು ಸಂಸಾರ. ಹೆಂಡತಿ ಮಕ್ಕಳು ಆರಾಮ ಅದಾರೇನು ಅಂತ ಕೇಳು. ಎಂಥವನೂ ಮೆತ್ತಗಾಗತಾನ."

ಮರುದಿನ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ಕಾವಿ ತೊಟ್ಟ ಮಠದ ಸ್ವಾಮಿಗಳು.

"ಅಪ್ಪಾರ, ಹೆಂಡತಿ ಮಕ್ಕಳು ಆರಾಮ ಅದಾರೇನ್ರಿ?"

ಸ್ವಾಮಿಗಳು ಕಿಟಕಿಯ ಕಡೆ ಮುಖ ತಿರುಗಿಸಿದರು. ಕೇಳಿಸಲಿಲ್ಲವೇನೋ ಎಂದು ಅಡಿವೆಪ್ಪ ಇಡೀ ಬಸ್ಸಿಗೆ ಕೇಳುವಂತೆ ಇನ್ನೊಮ್ಮೆ ಕೇಳಿದ. ಕೊಡದ ಭಕ್ತರೂ ಏಣಿಯ ಭಕ್ತರೂ ಪಕ್ಷ ಮರೆತು ಅವನನ್ನು ಎತ್ತಿ ಇಳಿಸಿದರು.

ಕಲ್ಲವ್ವ ಅಳುವುದೊಂದು ಬಾಕಿ. ಮಗಳ ಮಾನ ಹೋಗುತ್ತಿದೆಯಲ್ಲ. ಜಗಳದ ನಡುವೆ ಬಾಯಿ ತೆರೆಯಲೇ ಕೂಡದು ಎಂದು ಗದರಿಸಿ, ಅವನ ಜೇಬಿಗೆ ಹುರಿದ ಶೇಂಗಾ ತುಂಬಿದಳು.

"ಜಗಳ ಕಂಡಲ್ಲಿ ತಿನ್ನಾಕ ಕೊಡು. ಬಾಯಿ ತುಂಬಿದಾಂವ ಬಯ್ಯೂದಿಲ್ಲ. ಉಂಡಿ ಮಾತ್ರ ಇವತ್ತು ಅಕ್ಕನ ಮನಿ ಮುಟ್ಟಬೇಕು."

ಈ ಸಲ ಎಡಕ್ಕೆ ಕೊಡದ ಪಕ್ಷದ ದುಂಡಪ್ಪ, ಬಲಕ್ಕೆ ಏಣಿ ಪಕ್ಷದ ಬಾಬುಸಾಬ. ಬಸ್ಸು ಹೊರಡುವ ಮೊದಲೇ ಜಗಳ ಹೊರಟಿತು. ಅಡಿವೆಪ್ಪ ತುಟಿ ಬಿಚ್ಚದೆ ಇಬ್ಬರಿಗೂ ಶೇಂಗಾ ಹಂಚಿದ. ಶೇಂಗಾ ಮುಗಿಯಿತು, ಜಗಳ ಮುಗಿಯಲಿಲ್ಲ. ಗಂಟು ಬಿಚ್ಚಿದ.

ಉಂಡೆ ಬಾಯಿಗೆ ಬಿದ್ದದ್ದೇ ದುಂಡಪ್ಪ ಮೆತ್ತಗಾದ. ತನ್ನ ತಾಯಿಯೂ ಅಂಟನ್ನು ಹೀಗೇ ಅರಳುವ ತನಕ ಹುರಿಯುತ್ತಿದ್ದಳು ಎಂದ. ತಮ್ಮ ಮನೆಯಲ್ಲಿ ಗಸಗಸೆ ಸ್ವಲ್ಪ ಹೆಚ್ಚು ಎಂದ ಬಾಬುಸಾಬ. ಮಾತು ಹೆಣ್ಣುಮಕ್ಕಳ ಬಾಣಂತನಕ್ಕೆ ಹೊರಳಿತು, ಮೊಮ್ಮಕ್ಕಳಿಗೆ ಹೊರಳಿತು. ಒಬ್ಬರ ತೊಡೆ ಒಬ್ಬರು ತಟ್ಟಿ ನಕ್ಕರು. ಗಂಟು ಬರಿದಾಯಿತು.

ದುಂಡಪ್ಪ ತನ್ನ ಊರು ಬಂತೆಂದು ಎದ್ದ. ಅಡಿವೆಪ್ಪ ಅವನ ಧೋತರ ಹಿಡಿದ.

"ಇಳಿಬ್ಯಾಡ್ರಿ. ಬಾಣಂತಿ ಉಂಡಿ ಅಕ್ಕನ ಮನಿ ಮುಟ್ಟಬೇಕು."

ಇಬ್ಬರ ಮುಖವೂ ಸಣ್ಣದಾಯಿತು. ಬಾಣಂತಿಯ ಪಾಲು ತಿಂದು ಸುಮ್ಮನೆ ಮನೆಗೆ ಹೋಗುವುದುಂಟೆ? ಶಾಂತವ್ವನ ಊರಲ್ಲಿ ಇಳಿದು, ಅಂಗಡಿಗೆ ಹೋಗಿ, ದುಂಡಪ್ಪ ಕೊಬ್ಬರಿ, ಬೆಲ್ಲ ಕೊಂಡು ಹೊತ್ತ. ಬಾಬುಸಾಬ ಅಂಟು, ತುಪ್ಪ ಹಿಡಿದ. ತವರಿನ ಕಡೆಯಿಂದ ಇಷ್ಟು ದೊಡ್ಡ ಮನುಷ್ಯರು ಇಷ್ಟೆಲ್ಲ ಹೊತ್ತು ಬಂದದ್ದು ಕಂಡು ಅತ್ತೆ ಬಾಯಿ ಮುಚ್ಚಿಕೊಂಡು ಚಹಾ ಇಡಲು ಹೋದಳು.

ಶಾಂತವ್ವ ಕೂಸನ್ನೆತ್ತಿಕೊಂಡು ಕೋಣೆಯ ಬಾಗಿಲಿಗೆ ಬಂದಳು. ಅವಳ ಮುಖ ಅರಳಿತ್ತು. ಅವ್ವ ಕಟ್ಟಿದ ಉಂಡೆ ಎಲ್ಲಿ ಎಂದು ಕೇಳಿದಳು.

ಅಡಿವೆಪ್ಪ ಇಬ್ಬರನ್ನೂ ಮುಂದಕ್ಕೆ ತಳ್ಳಿ ಅವಳೆದುರು ನಿಲ್ಲಿಸಿದ.

"ಒಂದೂ ಕಳದಿಲ್ಲಕ್ಕಾ, ಅರ್ಧ ಇವರೊಳಗ ಅದಾವ, ಅರ್ಧ ಅವರೊಳಗ. ಇರುವಿ ಮುತ್ತದಂಗ ಇಟ್ಟುಕೋ."