ಮಲಗಿದ ಆಕಳು, ಕುಕ್ಕುವ ಕಾಗೆ

"ಇಲ್ಲಿ ನನಗ ಮೂಗಿನ ನಳಿಗೀಲೆ ಗಂಜಿ ಬಿಡ್ತಾರ, ಕೈಕಾಲೂ ಆಡಿಸ್ತಾರ. ನೀವು ಬ್ಯಾನಿ ಬಿದ್ದು ಮಲಗಿದ ಆಕಳಿಗೆ ಬರೇ ತಿನಸ್ತೀರಿ. ಅದನ್ನ ಎಬ್ಬಿಸಿ ನಿಲ್ಲಸ್ರಿ." ಐಸಿಯುವಿನಲ್ಲಿ ನನ್ನ ಹೆಂಡತಿ ಸಾತವ್ವ ಆಡಿದ ಕೊನೆಯ ಮಾತು ಇದು.

ಅವಳನ್ನು ಮಣ್ಣು ಮಾಡಿ ಬಂದೆ. ಕೂತಲ್ಲಿ ಕೂರಲಾಗದೆ ಕೊಟ್ಟಿಗೆಗೆ ಹೋದೆ. ಮಲಗಿದ್ದ ಆಕಳ ಸೊಂಟದ ಹುಣ್ಣನ್ನು ಕಾಗೆ ಕುಕ್ಕುತ್ತಿತ್ತು.

"ತಡಿ, ಮೈಯಾಗ ಶಕ್ತಿ ಬರಲಿ, ಎದ್ದು ಒದೀತೀನಿ," ಎಂದಿತು ಆಕಳು. "ಮೇವು ಬಾಯಿಗೇ ಬರ್ತೈತಿ."

"ಅವಸರ ಮಾಡಬ್ಯಾಡಕ್ಕ," ಎಂದಿತು ಕಾಗೆ. "ನೀ ಮಲಗೇ ತಿನ್ನು. ನೀ ಮಲಗಿರೋತನಕ ನನ್ನ ಊಟಕ್ಕೂ ಚಿಂತಿಲ್ಲ."

ಆಕಳು ಕಾಲು ಎತ್ತಲು ನೋಡಿತು. ಆಗಲಿಲ್ಲ.

ಮರುದಿನ ಮುಂಜಾನೆ ನೆರೆಯವರನ್ನು ಕರೆದೆ. ಆಕಳ ಹೊಟ್ಟೆಯಡಿ ಗೋಣಿತಟ್ಟು ಹಾಯಿಸಿ ಎಲ್ಲರೂ ಎತ್ತಿ ನಿಲ್ಲಿಸಿದೆವು. ಅದರ ಕಾಲುಗಳು ಗಡಗಡ ನಡುಗಿದವು. ನಾವು ಬಿಡಲಿಲ್ಲ. ನಿಂತಲ್ಲೇ ಮೇವು ತಿನ್ನಿಸಿದೆ.